ನೇರಪ್ರಸಾರಕ್ಕೆ ಮುಂಚೆ

“ಸೇತುವೆ ಕಾಯ್ತಿದ್ದ ನಮ್ಮ ಹುಡುಗರೆಲ್ಲ ವಾಪಸ್ ಬಂದ್ರಂತೆ, ಹೌದಾ ತಮ್ಮಾ?” ಟಿವಿ ಸ್ಟೇಷನ್ನಿನ ಮೇಕಪ್ ಅಕ್ಕ ಯುದ್ಧ ವರದಿಗಾರನ ಕೆನ್ನೆಗೆ ಪೌಡರ್ ಒತ್ತುತ್ತಲೇ ಕೇಳಿದಳು. ಅವಳ ಕೈಗೆ ಸಮನಾದ ಕೈ ಭೂಮಂಡಲದಲ್ಲಿಲ್ಲ, ಪಂಥ ಕಟ್ಟಿ ಹೇಳುತ್ತೇನೆ. ಅವಳು ದಿನಕ್ಕೆ ಬಳಿಯುವ ಪೌಡರಿನಲ್ಲಿ ಮೂರು ಊರಿಗೆ ಸುಣ್ಣ ಹೊಡೆಯಬಹುದು. ರಣರಂಗದಿಂದ ನೇರ ಬಂದಿಳಿದವನನ್ನು ಆಗಲೇ ಮದುಮಗ ಮಾಡಿಬಿಟ್ಟಿದ್ದಳು.

“ಯಾರು ಹೇಳಿದ್ರು ಅಕ್ಕಾ?”

“ಮಂತ್ರಿಗಳು. ಈಗಷ್ಟೇ ಇದೇ ಕುರ್ಚಿಯಲ್ಲಿ ಕೂತಿದ್ರು. ‘ನಿಮ್ಮ ಮಗ ನಾಡಿದ್ದು ಮನೇಲಿ ಊಟ ಮಾಡ್ತಾನಮ್ಮಾ’ ಅಂದ್ರು. ನಮ್ಮೆಜಮಾನ್ರಿಗೆ ಫೋನ್ ಮಾಡಿದ್ದೂ ಆಯ್ತು. ಅವರಿಗೆ ಸರ್ಕಾರ ಹೇಳಿದ್ದೇ ವೇದ. ನಾನು ಈ ಯುದ್ಧ ಬೇಡ ಅಂದಿದ್ದಕ್ಕೆ ನನ್ನ ಜೊತೆ ಮಾತು ಬಿಟ್ಟು ಒಂದು ಯುಗವೇ ಆಯ್ತು. ಇವತ್ತು ನಕ್ಕರು. ನೀನು ಅಲ್ಲೇ ಇದ್ದೆಯಲ್ಲ, ನೀನು ಹೇಳು.”

ವರದಿಗಾರ ಕನ್ನಡಿಯಲ್ಲಿ ಅವಳನ್ನು ನೋಡಿದ. ಬಾಯಿ ತೆರೆದರೆ ಸಮುದ್ರವನ್ನೇ ಹರಿಸುತ್ತಿದ್ದ ಮಾತುಗಾರ ಅವನು. “ಯಾರೂ ಉಳಿದಿಲ್ಲ ಅಕ್ಕಾ, ನಾನೇ ನೋಡಿದೆ” ಎಂದಷ್ಟೇ ಹೇಳಿದ.

ಅವಳ ಕೈ ತನ್ನ ಪಾಡಿಗೆ ಇನ್ನೆರಡು ಸಲ ಅವನ ಹಣೆಗೆ ಪೌಡರ್ ಒತ್ತಿತು. ಆಮೇಲೆ ಅವಳು ಬಟ್ಟೆ ಒದ್ದೆ ಮಾಡಿಕೊಂಡು, ಊಟವಾದ ಮೇಜು ಒರೆಸುವ ಹಾಗೆ ಅವನ ಮುಖವನ್ನೆಲ್ಲ ಒರೆಸತೊಡಗಿದಳು. ಕಣ್ಣಡಿಯ ಕಪ್ಪು, ಗಲ್ಲದ ಮೇಲಿನ ಹಸಿ ಗಾಯ ಒಂದೊಂದಾಗಿ ಹೊರಗೆ ಬಂದವು.

“ಅಕ್ಕಾ, ನೇರಪ್ರಸಾರ ಶುರುವಾಗ್ತಿದೆ.”

“ಗೊತ್ತು. ನಮ್ಮೆಜಮಾನ್ರು ಟಿವಿ ಮುಂದೆ ಕೂತಿರ್ತಾರೆ. ಅಷ್ಟು ನುಣ್ಣಗಿನ ಮುಖ ಇಟ್ಕೊಂಡು ಹೇಳಿದ್ರೆ ಅವರು ನಂಬಲ್ಲ. ಹೀಗೇ ಹೋಗಿ ಹೇಳು.”