ಯೇಸುಸ್ವಾಮಿ ಊಟಕ್ಕೆ ಬಂದಾಗ

ಸೆರಫಿನ್ ಬಾಯಿಯ ಬಂಗುಡೆ ಸಾರಿನ ಪರಿಮಳಕ್ಕೆ ನಡುಗಡಲಿನ ದೋಣಿಗಳೂ ದಡಕ್ಕೆ ತಿರುಗುತ್ತಿದ್ದವು. ಇದರಲ್ಲಿ ಅರ್ಧ ಸುಳ್ಳೆಂದು ಅವರೇ ಒಪ್ಪುತ್ತಿದ್ದರು. ಆದರೆ ಗಂಡ ತೀರಿಕೊಂಡ ಮೇಲೆ ಅವರ ಗಂಟಲಲ್ಲಿ ಗಂಜಿಯೂ ಇಳಿಯಲಿಲ್ಲ. ಮಂಕಾಗಿ ಕೂತವರನ್ನು ಪಾದ್ರಿಗಳು ಕೌನ್ಸೆಲಿಂಗ್ ಮಾಡುವ ಸಿಸ್ಟರ್ ಐರಿನ್ ಬಳಿಗೆ ಕಳಿಸಿದರು.

ಪ್ರತಿ ವಾರವೂ ಅದೇ ಪಾಡು.

“ಕಣ್ಣು ಮುಚ್ಚಿ, ಬಾಯಮ್ಮ. ಯೇಸುಸ್ವಾಮಿ ನಿಮ್ಮ ಮನೆಗೆ ಬಂದಿದ್ದಾರೆ ಅಂತ ಕಲ್ಪಿಸಿಕೊಳ್ಳಿ. ಹತ್ತಿರ ಕೂತು ದುಃಖ ಹೇಳಿಕೊಳ್ಳಿ.”

“ಕೂರ್ಲಿಕ್ಕೆ ಪುರುಸೊತ್ತೆಲ್ಲಿ, ಸಿಸ್ಟರ್? ಹನ್ನೆರಡು ಶಿಷ್ಯರನ್ನೂ ಕರ್ಕೊಂಡು ಬಂದಿದ್ದಾರೆ. ನಾನು ಅಡುಗೆಮನೆಯಲ್ಲಿದ್ದೇನೆ.”

“ಶಿಷ್ಯರನ್ನು ಕಳಿಸಿಬಿಡಿ!”

“ಉಪವಾಸ ಕಳಿಸುದಾ? ಎಂತ ಮಾತಾಡ್ತೀರಿ ಮಾರಾಯ್ರೆ!”

ಸಿಸ್ಟರ್ ಹಣೆ ಚಚ್ಚಿಕೊಂಡರು. ಸೆರಫಿನ್ ಬಾಯಿಗೂ ರೇಗಿತು. ಮದುವೆಯಾದ ದಿನದಿಂದ ಊರಿಗೆಲ್ಲ ಬಡಿಸಿ ಬಡಿಸಿ ಸಾಕಾಗಿತ್ತು. ಈಗ ಕಣ್ಣು ಮುಚ್ಚಿದರೂ ಸೌಟು ಕೈಬಿಡುತ್ತಿರಲಿಲ್ಲ.

ಈ ವಾರವೂ ಸೆರಫಿನ್ ಬಾಯಿ ಕಣ್ಣು ಮುಚ್ಚಿದರು.

“ಮತ್ತೆ ಬಡಿಸ್ತಾ ಇದ್ದೀರಾ?” ಸಿಸ್ಟರ್ ಸಿಡುಕಿದರು.

“ಇಲ್ಲ. ಸ್ವಾಮಿ ನನ್ನ ಕೈಯಿಂದ ಸೌಟು ತಗೊಂಡ್ರು. ಎಲ್ಲರಿಗೂ ಅವರೇ ಬಡಿಸಿದ್ರು.” ಸೆರಫಿನ್ ಬಾಯಿ ಬಾಯಲ್ಲಿ ಊರಿದ ನೀರು ನುಂಗಿದರು. “ಆಮೇಲೆ ತಮ್ಮ ಪಕ್ಕದಲ್ಲೇ ಇನ್ನೊಂದು ತಟ್ಟೆ ಇಟ್ಟು ನನ್ನನ್ನೇ ನೋಡಿದ್ರು. ಯಾರಿಗೆ, ಹೇಳಿ ನೋಡುವ?”