ಯಾರೂ ಮುಟ್ಟಿಲ್ಲ

ಕೆಂಚನ ಬಾಯಲ್ಲಿ ನೊರೆ ಕಂಡದ್ದೇ ತಡ, ಸಿದ್ದೇಶ್ವರಿ ಗಾಜಿನ ಬಾಗಿಲನ್ನು ದಡಕ್ಕನೆ ಎಳೆದು ಚಿಲಕ ಹಾಕಿದಳು.

ನಾಯಿ ಹೊರಗೆ ಹಿತ್ತಲ ಕಡೆಯ ಮರದ ಡೆಕ್ಕಿನ ಮೇಲೆ ಮುಖವನ್ನು ಹಲಗೆಗೆ ಉಜ್ಜಿ ಉಜ್ಜಿ ನರಳುತ್ತಿತ್ತು. ಅದರಾಚೆ ಹುಲ್ಲಿನ ಮೇಲೆ ಕಪ್ಪಗೆ ಏನೋ ಸತ್ತು ಬಿದ್ದಿತ್ತು. ಬೆನ್ನುದ್ದಕ್ಕೂ ಎರಡು ಬಿಳಿ ಪಟ್ಟೆ. ಮುಚ್ಚಿದ ಬಾಗಿಲನ್ನೂ ದಾಟಿ ವಾಸನೆ ಒಳಗೆ ನುಗ್ಗಿತು. ಸುಟ್ಟ ರಬ್ಬರನ್ನೂ ಕೊಳೆತ ಬೆಳ್ಳುಳ್ಳಿಯನ್ನೂ ಒಟ್ಟಿಗೆ ಅರೆದ ಹಾಗೆ. ಅವಳ ಕಣ್ಣಲ್ಲಿ ನೀರು ಬಂತು.

ಅಮೆರಿಕದ ಗೈದರ್ಸ್‌ಬರ್ಗ್‌ಗೆ ಬಂದು ಒಂಬತ್ತು ವರ್ಷವಾಗಿತ್ತು. ಸ್ಕಂಕ್ ಎಂಬ ಈ ಪ್ರಾಣಿ ನಾಯಿಯ ಮೇಲೆ ವಾಸನೆ ಚಿಮ್ಮಿಸುವ ಕಥೆಗಳನ್ನು ನೆರೆಹೊರೆಯವರು ನಗುತ್ತಾ ಹೇಳಿದ್ದನ್ನು ಕೇಳಿದ್ದಳು. ಆದರೆ ಅವೆಲ್ಲ ಕತ್ತಲಾದ ಮೇಲೆ ನಡೆದ ಕಥೆಗಳು. ಈಗ ಮಟಮಟ ಮಧ್ಯಾಹ್ನ.

ಗಂಡ ಸಿದ್ಧಲಿಂಗೇಶ್ ಆಫೀಸಿನ ಕೆಲಸಕ್ಕೆಂದು ವಾರದ ಮಟ್ಟಿಗೆ ಅಟ್ಲಾಂಟಾಕ್ಕೆ ಹೋಗಿದ್ದ. ಮನೆಯಲ್ಲಿ ಇದ್ದವರು ಅವಳು, ಮತ್ತೆ ಆಗಸ್ಟಿನಲ್ಲಿ ಧಾರವಾಡದಿಂದ ಬಂದಿದ್ದ ತಾಯಿ ಮಹಾದೇವಕ್ಕ, ಇಬ್ಬರೇ.

"ಏನಾತವಾ?" ತಾಯಿ ಅಡುಗೆಮನೆಯಿಂದಲೇ ಕೂಗಿದಳು. ದಿನಕ್ಕೆ ಹತ್ತು ಸಲ ನಶ್ಯ ಏರಿಸುವ ಆ ಮೂಗಿಗೆ ಏನೂ ತಟ್ಟಿದಂತಿರಲಿಲ್ಲ.

"ಹೊರಗ ಬರಬ್ಯಾಡ ಅವ್ವಾ. ಕೆಂಚ ಏನೋ ಪ್ರಾಣಿ ಕೊಂದಾನ."

ಫೋನ್ ಮಾಡಿದ ಅರ್ಧ ಗಂಟೆಗೆ ಕೌಂಟಿಯ ಪ್ರಾಣಿ ನಿಯಂತ್ರಣ ವಿಭಾಗದ ವ್ಯಾನು ಬಂತು. ಸಮವಸ್ತ್ರದ ಹೆಂಗಸೊಬ್ಬಳು ದಪ್ಪ ಕೈಗವಸು ತೊಟ್ಟು ಸತ್ತ ಪ್ರಾಣಿಯನ್ನು ಎರಡು ಚೀಲದೊಳಗೆ ಕಟ್ಟಿದಳು. ಅವಳ ಮುಖದಲ್ಲಿ ನಗುವಿರಲಿಲ್ಲ.

"ಸ್ಕಂಕ್ ಹಗಲಲ್ಲಿ ಹೀಗೆ ಬಯಲಿಗೆ ಬರೋದು ಒಳ್ಳೆಯ ಲಕ್ಷಣ ಅಲ್ಲ. ಹುಚ್ಚು ರೋಗ, ರೇಬೀಸ್, ಇರಬಹುದು. ಲ್ಯಾಬಿಗೆ ಕಳಿಸ್ತೀವಿ, ಎರಡು ದಿನದಲ್ಲಿ ಗೊತ್ತಾಗುತ್ತೆ. ನಾಯಿಗೆ ಲಸಿಕೆ ಆಗಿದೆಯಾ?"

ಸಿದ್ದೇಶ್ವರಿ ಕಾಗದ ತಂದು ತೋರಿಸಿದಳು.

"ಮನುಷ್ಯರು ಯಾರಾದರೂ ಇದನ್ನು ಮುಟ್ಟಿದ್ದೀರಾ?"

"ಯಾರೂ ಮುಟ್ಟಿಲ್ಲ."

ಅಧಿಕಾರಿ ಹಾಳೆಯಲ್ಲಿ ಒಂದು ಗೆರೆ ಎಳೆದಳು. ಹೋಗುವ ಮುನ್ನ ನಾಯಿಯನ್ನು ತೊಳೆಯುವ ಬಗೆ ಹೇಳಿಕೊಟ್ಟಳು. ಹೈಡ್ರೋಜನ್ ಪೆರಾಕ್ಸೈಡ್, ಅಡುಗೆ ಸೋಡಾ, ಪಾತ್ರೆ ತೊಳೆಯುವ ಸೋಪು. ಬರಿಗೈಯಲ್ಲಿ ಮಾತ್ರ ಬೇಡ.

ರಬ್ಬರ್ ಕೈಗವಸು ಎರಡೆರಡು ಜೊತೆ ಹಾಕಿಕೊಂಡು ಸಿದ್ದೇಶ್ವರಿ ಹಿಂದಿನ ಮೆಟ್ಟಿಲಿಳಿದಳು. ಅವ್ವ ಅಲ್ಲಿಟ್ಟಿದ್ದ ಸ್ಟೀಲ್ ಬಟ್ಟಲು ಕಾಲಿಗೆ ತಾಗಿ ಉರುಳಿತು. ಕೆಂಚ ಬಾಲ ಮುದುರಿ ಅವಳನ್ನೇ ನೋಡಿತು. ಐದು ವರ್ಷ ಮಡಿಲಲ್ಲಿ ತಲೆಯಿಟ್ಟು ಮಲಗಿದ ನಾಯಿ. ಅದರ ಬಾಯಿಯ ಹತ್ತಿರ ಕೈ ಒಯ್ಯಲು ಅವಳಿಗೆ ಧೈರ್ಯ ಸಾಲಲಿಲ್ಲ. ತೊಳೆದು, ಗ್ಯಾರೇಜಿಗೆ ದಬ್ಬಿ, ಬಾಗಿಲು ಹಾಕಿ, ಅದೇ ಬಾಗಿಲಿಗೆ ಒರಗಿ ಅತ್ತಳು.

ಅವಳ ಹೆದರಿಕೆಗೆ ಕಾರಣವಿತ್ತು. ಏಳು ವರ್ಷದವಳಿದ್ದಾಗ ಅವರ ಓಣಿಯ ಈರಪ್ಪ ಹುಚ್ಚುನಾಯಿ ಕಚ್ಚಿ ಸತ್ತಿದ್ದ. ಕಿಟಕಿಯ ಸರಳು ಹಿಡಿದು ಅವಳು ನೋಡಿದ್ದಳು. ನೀರಿನ ತಂಬಿಗೆ ಕಂಡರೆ ಸಾಕು, ಅವನ ಗಂಟಲು ಬಿಗಿದುಕೊಳ್ಳುತ್ತಿತ್ತು. ನಾಯಿ ಕಚ್ಚಿದ್ದು ಅದಕ್ಕೂ ಎರಡು ತಿಂಗಳು ಮೊದಲು. ಗಾಯ ಮಾಯ್ದಿತ್ತು. ಎಲ್ಲರೂ ಮರೆತೇಬಿಟ್ಟಿದ್ದರು.

ಮರುದಿನ ಮಂಗಳವಾರವೆಲ್ಲ ಅವಳು ಗ್ಯಾರೇಜಿನ ಬಾಗಿಲ ಸಂದಿಯಿಂದ ನೋಡುತ್ತಲೇ ಇದ್ದಳು. ಕೆಂಚ ನೀರು ಕುಡಿಯಿತೇ? ಕುಡಿಯಿತು. ನುಂಗುವಾಗ ಕಷ್ಟಪಟ್ಟಿತೇ? ಮತ್ತೆ ನೋಡಿದಳು. ಅದು ಒಂದು ಸಲ ಕೆಮ್ಮಿತು.

"ಅನ್ನ ಬಿಟ್ಟು ಕುಂತ್ರ ನಾಯಿ ನೆಟ್ಟಗಾಗತೈತೇನು? ಎರಡು ತುತ್ತು ಉಣ್ಣು," ಎಂದಳು ಮಹಾದೇವಕ್ಕ. ಬಟ್ಟೆ ಸುತ್ತಿದ ಹೆಬ್ಬೆರಳನ್ನು ಮೇಲೆತ್ತಿ ಹಿಡಿದು ರೊಟ್ಟಿ ಬಡಿಯುತ್ತಿದ್ದಳು.

"ಈಳಿಗಿ ತಾಗಿತೇನು ಅವ್ವಾ?"

"ಏನಿಲ್ಲ ಬಿಡು. ಅರಿಷಿಣ ಹಚ್ಚೇನಿ."

ಗ್ಯಾರೇಜಿನಲ್ಲಿ ಏನೋ ಸದ್ದಾಯಿತು. ಸಿದ್ದೇಶ್ವರಿ ತಟ್ಟೆ ಬಿಟ್ಟು ಓಡಿದಳು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು. ಆರೋಗ್ಯ ಇಲಾಖೆಯ ನರ್ಸು.

"ಸ್ಕಂಕ್‌ಗೆ ಹುಚ್ಚು ರೋಗ ಇದ್ದದ್ದು ಖಚಿತವಾಗಿದೆ."

"ನಮ್ಮ ನಾಯಿ?"

"ಅದಕ್ಕೆ ಲಸಿಕೆ ಸರಿಯಾದ ಹೊತ್ತಿಗೆ ಆಗಿದೆ. ಇವತ್ತೇ ಇನ್ನೊಂದು ಹಾಕಿಸಿ. ನಲವತ್ತೈದು ದಿನ ಹೊರಗೆ ಬಿಡದೆ ನೋಡಿಕೊಳ್ಳಿ. ಏನೂ ಆಗೋದಿಲ್ಲ ಅನ್ನೋ ಭರವಸೆ ನಮಗಿದೆ."

ಅವಳು ಅಳುತ್ತಲೇ ನಕ್ಕಳು.

"ಕೊನೆಯದಾಗಿ ಒಂದು ಮಾತು," ಎಂದಳು ನರ್ಸು. "ರೋಗ ಹತ್ತಿದ ಸ್ಕಂಕ್ ಕೆಲವು ದಿನ ನಿಮ್ಮ ಹಿತ್ತಲಲ್ಲೇ ಸುತ್ತಾಡಿರಬಹುದು. ಮನೆಯವರು ಯಾರಾದರೂ ಅದರ ಹತ್ತಿರ ಹೋಗಿದ್ದರೆ ಇವತ್ತೇ ಚುಚ್ಚುಮದ್ದು ಶುರು ಮಾಡಬೇಕು. ಇನ್ನೂ ತಡ ಆಗಿಲ್ಲ. ಎಲ್ಲರನ್ನೂ ಕೇಳಿದ್ದೀರಿ ತಾನೆ?"

"ಒಂದು ನಿಮಿಷ," ಎಂದು ಸಿದ್ದೇಶ್ವರಿ ಫೋನನ್ನು ಭುಜಕ್ಕೊತ್ತಿ ಹಿಡಿದು ತಿರುಗಿದಳು. "ಅವ್ವಾ, ಕೆಂಚ ಉಳೀತಾನಂತ!"

"ಬಸವಣ್ಣ ಕಣ್ಣು ತೆರದ," ಮಹಾದೇವಕ್ಕ ಕೈಮುಗಿದಳು.

"ಆ ಸ್ಕಂಕ್ ನೀ ಎಲ್ಲೂ ಕಂಡಿಲ್ಲ, ಹೌದಿಲ್ಲೋ?"

"ಇಲ್ಲವಾ. ಹೆಂಗಿರತೈತಿ ಅದು?"

"ಕರ್ರಗ. ಬೆನ್ನ ಮ್ಯಾಲ ಎರಡು ಬಿಳೀ ಪಟ್ಟಿ. ಬಾಲ ದಪ್ಪಗ, ಕುಚ್ಚಿನಂಗ."

ಮುಗಿದ ಕೈ ಬಿಡಿಸದೆಯೇ ಮಹಾದೇವಕ್ಕ ಮಗಳನ್ನು ನೋಡಿದಳು.

"ಅಯ್ಯ, ಅದು ಬೆಕ್ಕಲ್ಲೇನು? ನಾಕು ದಿನ ಹಾಲು ಹಾಕಿದ್ನೆಲ್ಲ... ಶನಿವಾರ ಎತಗೋಳಾಕ ಹೋದ್ರ ಕಚ್ಚಿಬಿಡ್ತು. ನೀ ಬೈತೀ ಅಂತ ಹೇಳಲಿಲ್ಲ."