ಸುಳ್ಳು ಹಸಿರು

ಮಧ್ಯಾಹ್ನದ ರೈಲಿಗೆಂದು ಅಪೂರ್ವಾ ಬ್ಯಾಗು ಹೆಗಲಿಗೇರಿಸಿದಾಗಲೇ ಪಕ್ಕದ ಮೇಜಿನ ಲಕ್ಷ್ಮೀಪ್ರಸನ್ನ ತನ್ನ ತೆಲುಗು ಬೆರೆತ ಕನ್ನಡದಲ್ಲಿ ಕೂಗಿದಳು: "ಅಕ್ಕಾ, ಟೆಸ್ಟುಗಳೆಲ್ಲ ಫೇಲು! ಸ್ಕ್ರೀನ್ ತುಂಬ ಕೆಂಪು ನೋಡಂಡಿ."

ವಿಶಾಖಪಟ್ಟಣದ ಆ ಕಚೇರಿಯಲ್ಲಿ ಇಬ್ಬರೂ ಬರೆಯುತ್ತಿದ್ದುದು ಆಸ್ಪತ್ರೆಯೊಂದರ ಔಷಧಿ ವಿಭಾಗದ ಸಾಫ್ಟ್‌ವೇರ್. ಸಂಜೆಗೆ ಅದು ಆಸ್ಪತ್ರೆ ಸೇರಬೇಕಿತ್ತು. ಅತ್ತ ವಿಜಯವಾಡದಲ್ಲಿ ಅಪೂರ್ವಾಳ ಗಂಡ ಫಣಿ, ಮಗಳು ಸಾಹಿತ್ಯ ಕಾಯುತ್ತಿದ್ದರು. ಹೋದ ತಿಂಗಳೂ ಅವಳಿಗೆ ಹೋಗಲಾಗಿರಲಿಲ್ಲ.

ಅಪೂರ್ವಾ ನಿಂತಲ್ಲೇ ಬಗ್ಗಿ ನೋಡಿದಳು. ಎಲ್ಲ ಟೆಸ್ಟುಗಳಿಗೂ ಸೆಟಪ್, ಅಂದರೆ ಪೂರ್ವಸಿದ್ಧತೆ, ಒಂದೇ. ಮೊದಲು ಕಲ್ಪಿತ ರೋಗಿಗಳ ವಿವರ ತುಂಬಿಸುವುದು, ಆಮೇಲೆ ಪರೀಕ್ಷೆ. ಇಂದು ಆ ಸೆಟಪ್ಪೇ ಕೈಕೊಟ್ಟಿತ್ತು. ಒಬ್ಬ ರೋಗಿಯ ವಿವರವೂ ತುಂಬಿರಲಿಲ್ಲ.

"ಅಂದ್ರೆ ಕೋಡ್ ತಪ್ಪಿಲ್ಲ ಕದಾ? ಸಂಜೆ ಕಳಿಸಿಬಿಡ್ತೀನಿ, ಸೆಟಪ್ ಸೋಮವಾರ ನೋಡೋಣ. ನೀವು ಹೊರಡಿ ಅಕ್ಕಾ, ಮಗು ಕಾಯ್ತಿರುತ್ತೆ."

ಬಾಗಿಲವರೆಗೆ ಹೋದವಳು ತಿರುಗಿ ಬಂದಳು. "ಆ ಕೆಂಪಿನ ಮಧ್ಯೆ ಒಂದು ಹಸಿರಿತ್ತಲ್ಲ, ಯಾವುದದು?"

"ಅಲರ್ಜಿ ಇರೋರಿಗೆ ಆ ಔಷಧಿ ಹೋಗಬಾರದು ಅನ್ನೋದು. ಅದೊಂದು ಪಾಸ್."

"ರೋಗಿನೇ ಇಲ್ದಿದ್ರೆ ಔಷಧಿ ಯಾರಿಗೆ ಹೋಗುತ್ತೆ? ಪಾಸಾಗದೆ ಇನ್ನೇನು?"

ಬ್ಯಾಗು ಕೆಳಗಿಟ್ಟಳು. ಸೆಟಪ್ ಕೆಟ್ಟರೆ ಮುಂದೆ ಒಂದು ಟೆಸ್ಟೂ ಓಡದೆ ಅಲ್ಲೇ ನಿಲ್ಲುವಂತೆ ಮಾಡಿದಳು. ಸೆಟಪ್ ಸರಿಪಡಿಸಿ, ರೋಗಿಗಳನ್ನು ತುಂಬಿಸಿ ಮತ್ತೆ ಓಡಿಸಿದಳು. ಕೆಂಪೆಲ್ಲ ಹಸಿರಾಯಿತು. ಅಲರ್ಜಿಯದು ಮಾತ್ರ ಕೆಂಪಾಯಿತು: ಅಲರ್ಜಿ ಇದ್ದ ರೋಗಿಗೂ ಆ ಔಷಧಿ ಹೋಗುತ್ತಿತ್ತು.

ಲಕ್ಷ್ಮೀಪ್ರಸನ್ನ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಆ ಭಾಗ ಬರೆದವಳು ಅಪೂರ್ವಾಳೇ, ತಿದ್ದಬೇಕಾದವಳೂ ಅವಳೇ. ತಿದ್ದಿ ಮುಗಿಸುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಆಸ್ಪತ್ರೆಯವರು ನೋಡಿ ಒಪ್ಪುವವರೆಗೆ ಊರು ಬಿಡಬೇಡಿ ಎಂದು ಮ್ಯಾನೇಜರು ಬೇರೆ ಹೇಳಿದರು.

ಫಣಿಗೆ ಫೋನು ಮಾಡಿದಳು. ಅವನು ಸಿಡುಕಲಿಲ್ಲ. ಹೆಂಡತಿಯಿಂದ ಕಲಿತ ಕನ್ನಡದಲ್ಲಿ ನಿಧಾನವಾಗಿ, "ಪರವಾಗಿಲ್ಲ ಅಪೂರ್ವಾ. ಸ್ಟೇಷನ್‌ನಲ್ಲಿ ನಿನಗೆ ಹೇಳಬೇಕು ಅಂತ ಇವಳು ಬೆಳಿಗ್ಗೆಯಿಂದ ಒಂದು ಕನ್ನಡ ಮಾತು ಪ್ರಾಕ್ಟೀಸ್ ಮಾಡ್ತಾ ಇದಾಳೆ. ಕೇಳು," ಎಂದ.

ತೆಲುಗು ಅಜ್ಜಿಯ ಮಡಿಲಲ್ಲಿ ಬೆಳೆಯುತ್ತಿದ್ದ ಮಗು ಅದುವರೆಗೆ ಅಮ್ಮನೊಂದಿಗೆ ಕನ್ನಡದಲ್ಲಿ ಮಾತಾಡಿದ್ದೇ ಇಲ್ಲ. ಅಪೂರ್ವಾ ಫೋನನ್ನು ಕಿವಿಗೆ ಒತ್ತಿಕೊಂಡಳು. ಪುಟ್ಟ ಉಸಿರು ಕೇಳಿಸಿತು. ಕಲಿತದ್ದನ್ನು ಒಂದಕ್ಷರವೂ ತಪ್ಪದಂತೆ ಸಾಹಿತ್ಯ ಹೇಳಿದಳು:

"ಅಮ್ಮಾ, ಬಂದ್ಯಾ?"